ಮೂರ್ನಾಡಿನ ಸಮೀಪ ಆಟ ನೋಡುತ್ತಾ ಉಣ್ಣಲು ಒಂದು ಹೋಟೆಲ್

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ, ಮೂರ್ನಾಡಿನ ಸಮೀಪ ಇರುವ ಈ ಚಿಕ್ಕ ಹೋಟೆಲನ್ನು ಊಟಕ್ಕಿಂತ ಹೆಚ್ಚಾಗಿ ಅಲ್ಲಿ ಆಟ ತೋರಿಸುವ ರೀತಿಗಾಗಿ ಮೆಚ್ಚಿಕೊಂಡಿದ್ದೇನೆ. 2024ರ ಆಗಸ್ಟ್ 4ರಂದು ಒಲಿಂಪಿಕ್ಸ್ ಹಾಕಿಯ ಕ್ವಾರ್ಟರ್ ಫೈನಲ್‌ನಲ್ಲಿ ಭಾರತವು ಪಂದ್ಯದ ಬಹುಪಾಲನ್ನು ಹತ್ತೇ ಆಟಗಾರರೊಂದಿಗೆ ಆಡಿ, ಬ್ರಿಟನ್ನನ್ನು ಶೂಟೌಟ್‌ನಲ್ಲಿ 4-2ರಿಂದ ಮಣಿಸಿತ್ತು; ಹಾಕಿಯೆಂದರೆ ಪ್ರಾಣ ಎನ್ನುವ ಈ ಕೊಡಗು ಜಿಲ್ಲೆಯಲ್ಲಿ ಆ ಸಂಭ್ರಮ ಸಂಜೆಯಾದರೂ ಇಳಿದಿರಲಿಲ್ಲ. ಏಳು ಗಂಟೆಗೆ ಕೊಲಂಬೊದ ಏಕದಿನ ಪಂದ್ಯ ಇನ್ನೂ ನಡೆಯುತ್ತಿದ್ದರೂ, ನಾವು ಕೇಳಿದ ಕೂಡಲೇ ಮಾಲೀಕರು ಪ್ಯಾರಿಸ್ಸಿನ ಜಿಮ್ನಾಸ್ಟಿಕ್ಸ್ ಹಾಕಿಕೊಟ್ಟರು.

ಎತ್ತರ-ತಗ್ಗಿನ ಎರಡು ಅಡ್ಡಕಂಬಿಗಳ ಮೇಲೆ ನಡೆಯುವ ಅನ್‌ಈವನ್ ಬಾರ್ಸ್ ಫೈನಲ್‌ನಲ್ಲಿ ಅಲ್ಜೀರಿಯಾದ ಹದಿನೇಳರ ಹುಡುಗಿ ಕೈಲಿಯಾ ನೆಮೂರ್ 15.700 ಅಂಕ ಪಡೆದು, ಚೀನಾದ ಚಿಯು ಚಿಯುವಾನ್ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದಾಗ ಮೇಜುಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸ್‌ನಲ್ಲಿ ಆಫ್ರಿಕಾ ಖಂಡಕ್ಕೆ ಅದೇ ಮೊದಲ ಪದಕ. ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇದೇ ಚಿಯು ಚಿನ್ನವನ್ನೂ ನೆಮೂರ್ ಬೆಳ್ಳಿಯನ್ನೂ ಗೆದ್ದಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲವಾದ್ದರಿಂದ ಅಚ್ಚರಿ ಇಮ್ಮಡಿಯಾಯಿತು.

ಬಳಿಕ ನೆಮೂರ್ ಅವರ ಊರು ಯಾವುದೆಂಬ ಚರ್ಚೆ ಎದ್ದಿತು. ಆಕೆ ಹುಟ್ಟಿದ್ದೂ ಅಭ್ಯಾಸ ಮಾಡಿದ್ದೂ ಫ್ರಾನ್ಸಿನಲ್ಲಿ. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅಲ್ಲಿನ ಒಕ್ಕೂಟದೊಂದಿಗೆ ಭಿನ್ನಾಭಿಪ್ರಾಯ ಉಂಟಾಗಿ, ತಂದೆಯ ಕಡೆಯ ದೇಶವಾದ ಅಲ್ಜೀರಿಯಾದ ಪರ ಆಡತೊಡಗಿದರು. ಕಲಿಸಿದ ಊರಿಗೇ ಪದಕದ ಹೆಮ್ಮೆ ಸಲ್ಲಬೇಕೆಂದು ಹಿರಿಯರೊಬ್ಬರು ವಾದಿಸಿದರೆ, ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬೆಂಗಳೂರಿನಲ್ಲಿ ಹುಟ್ಟಿದವರೆಂದು ಕೊಡಗಿನವರಲ್ಲ ಎನ್ನುತ್ತೀರಾ ಎಂದು ಪಕ್ಕದ ಮೇಜಿನ ಯುವತಿ ಕೇಳಿದರು. ಮನೆತನದ ಹೆಸರು ಕೇಳಿಯೇ ಪರಿಚಯ ಮಾಡಿಕೊಳ್ಳುವ ನಮ್ಮಲ್ಲಿ ಈ ಮಾತಿಗೆ ತೂಕ ಹೆಚ್ಚು, ನನಗೂ ಅದೇ ಸರಿಯೆನಿಸಿತು. ಆದರೆ ಕಲಿಸಿದವರ ಶ್ರಮವನ್ನು ಮರೆಯುವುದು ಅನ್ಯಾಯ ಎಂಬ ಹಿರಿಯರ ಮಾತನ್ನೂ ತಳ್ಳಿಹಾಕಲಾರೆ. ಈ ವಾದದ ನಡುವೆ ಫಿಲಿಪ್ಪೀನ್ಸ್‌ನ ಕಾರ್ಲೋಸ್ ಯೂಲೊ, ಓಡಿಬಂದು ಜಿಗಿಯುವ ವಾಲ್ಟ್ ಸ್ಪರ್ಧೆಯಲ್ಲಿ ತಮ್ಮ ಎರಡನೆಯ ಚಿನ್ನ ಗೆದ್ದದ್ದನ್ನು ಅರ್ಧ ಜನ ನೋಡಲೇ ಇಲ್ಲ. ಮಾಲೀಕರು ಯಾರನ್ನೂ ಏಳಿಸಲಿಲ್ಲ, ಬಿಲ್ಲನ್ನೂ ತಂದಿಡಲಿಲ್ಲ.

ಊಟದ ಬಗ್ಗೆ ಹೇಳುವುದಾದರೆ, ಪಂದಿ ಕರಿಯಲ್ಲಿ (ಹಂದಿಮಾಂಸದ ಸಾರು) ಕಾಚಂಪುಳಿ ಎಂಬ ಕಪ್ಪು ಹಣ್ಣಿನ ರಸದ ಹುಳಿ ಹದವಾಗಿತ್ತು, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಮಾತ್ರ ಆರಿಹೋಗಿತ್ತು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಮದ್ದುಸೊಪ್ಪು ತಿನ್ನುವ ದಿನ, ಹಿಂದಿನ ದಿನವಷ್ಟೇ ಕಳೆದಿದ್ದುದರಿಂದ ಕಡುನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸ ಇನ್ನೂ ಉಳಿದಿತ್ತು. ಅದನ್ನು ಎರಡನೆಯ ಸಲವೂ ಕೇಳಿ ಹಾಕಿಸಿಕೊಂಡೆ. ಜೋರು ಮಳೆಗೆ ಡಿಶ್ ಸಿಗ್ನಲ್ ಆಗಾಗ ಕಡಿಯುತ್ತದೆ. ಕಂಬದ ಹಿಂದಿನ ಮೇಜಿನಿಂದ ಪರದೆ ಅರ್ಧವೇ ಕಾಣುವುದರಿಂದ, ಪಂದ್ಯ ನೋಡಲೆಂದೇ ಹೋಗುವವರು ಬೇಗ ಹೋಗಿ ಕಿಟಕಿಯ ಬದಿಯ ಮೇಜು ಹಿಡಿಯುವುದು ಒಳ್ಳೆಯದು.