ಏಳು ವರ್ಷ, ಮೂರು ಮೆಂಬ್ರೇನ್: ನಮ್ಮ ಮನೆಯ ಆರ್‌ಓ ಫಿಲ್ಟರ್

ಅಡುಗೆಮನೆ ಗೋಡೆಗೆ ಈ ಆರ್‌ಓ ಫಿಲ್ಟರ್ ಹಾಕಿಸಿ ಏಳು ವರ್ಷ ತುಂಬಿತು. ಕೆಸರು ಹಿಡಿಯುವ ಸೆಡಿಮೆಂಟ್ ಕ್ಯಾಂಡಲ್ (ಆಗಾಗ ಬದಲಾಯಿಸುವ ಫಿಲ್ಟರ್ ಉರುಳೆ), ಕಾರ್ಬನ್ ಕ್ಯಾಂಡಲ್, ಲವಣ ತಡೆಯುವ ತೆಳು ಪೊರೆಯ ಮೆಂಬ್ರೇನ್, ಕೊನೆಗೊಂದು ಪುಟ್ಟ ಕಾರ್ಬನ್, ಜೊತೆಗೆ ರೋಗಾಣು ಕೊಲ್ಲುವ ಯುವಿ ದೀಪ, ಎಂಟು ಲೀಟರ್ ಟ್ಯಾಂಕ್. ವಿಶೇಷವೇನೂ ಇಲ್ಲದ ಮಾಮೂಲಿ ಯಂತ್ರ. ತಂದ ಮೊದಲ ತಿಂಗಳಲ್ಲೇ ಇದರ ಬಗ್ಗೆ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಮೆಂಬ್ರೇನ್ ಹೊಸತಿರುವಾಗ ಎಲ್ಲ ಯಂತ್ರದ ನೀರೂ ಚೆನ್ನಾಗಿಯೇ ಇರುತ್ತದೆ. ನಿಜವಾದ ಗುಣ ಗೊತ್ತಾಗುವುದು ಎರಡನೇ ವರ್ಷದಿಂದ.

ನಮ್ಮ ಮೊದಲ ಮೆಂಬ್ರೇನ್ ಹದಿನಾಲ್ಕೇ ತಿಂಗಳಿಗೆ ಹೋಯಿತು. ತಪ್ಪು ಯಂತ್ರದ್ದಲ್ಲ, ನನ್ನದು. ಸೆಡಿಮೆಂಟ್ ಕ್ಯಾಂಡಲ್ ಪಾರದರ್ಶಕ ಡಬ್ಬಿಯೊಳಗಿದೆ. ಕಂದುಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಬೀಳುತ್ತಿತ್ತು, ಹಾಗಾಗಿ ಅದನ್ನು ತಪ್ಪದೆ ಬದಲಾಯಿಸುತ್ತಿದ್ದೆ. ಕಾರ್ಬನ್ ಹಾಗಲ್ಲ. ಮುಗಿದುಹೋದ ಕಾರ್ಬನ್ ಹೊರಗಿನಿಂದ ಹೊಸತರ ಹಾಗೆಯೇ ಕಾಣುತ್ತದೆ. ‘ಚೆನ್ನಾಗಿಯೇ ಇದೆಯಲ್ಲ’ ಎಂದು ಬಿಟ್ಟೆ. ಆ ಹೊತ್ತಿಗೆ ಒಂದು ಬದಲಾವಣೆ ಕಂಡಿತು: ಖಾಲಿ ಟ್ಯಾಂಕ್ ತುಂಬಲು ಮೊದಲು ಮುಕ್ಕಾಲು ಗಂಟೆ ಬೇಕಿತ್ತು, ಆಮೇಲಾಮೇಲೆ ಅರ್ಧ ಗಂಟೆಗೇ ತುಂಬತೊಡಗಿತು. ಒಳ್ಳೆಯದೇ ಆಯಿತು ಎಂದುಕೊಂಡೆ. ಆದರೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಮತ್ತೆ ಬಿಳಿ ಪೊರೆ ಕಟ್ಟಿದ್ದು ನೋಡಿ ಅನುಮಾನ ಬಂತು. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಅಂದಾಜು ತೋರಿಸುವ ಟಿಡಿಎಸ್ ಮೀಟರ್ ತಂದು ಅದ್ದಿದೆ. ಒಳಗೆ ಹೋಗುವ ನೀರು 420, ಹೊರಗೆ ಬರುವುದು 140. ಹಾಕಿಸಿದ ದಿನ ಹೊರಗಿನದು 28 ಇತ್ತು.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ನನ್ನು ತಡೆಯುವುದು ಕಾರ್ಬನ್ನಿನ ಕೆಲಸ. ಮೆಂಬ್ರೇನ್‌ನ ಮೇಲಿನ ತೆಳ್ಳಗಿನ ಪಾಲಿಅಮೈಡ್ ಪದರ ಕ್ಲೋರಿನ್ ತಾಗಿದರೆ ನಿಧಾನವಾಗಿ ಹಾಳಾಗುತ್ತದೆ. ಆಗ ನೀರು ಸಲೀಸಾಗಿ ದಾಟುತ್ತದೆ, ಅದರ ಜೊತೆಗೆ ಲವಣಗಳೂ ದಾಟುತ್ತವೆ. ಟ್ಯಾಂಕ್ ಬೇಗ ತುಂಬುತ್ತಿದ್ದುದು ಅದಕ್ಕೇ. ಸುಣ್ಣದಂಶ ಕಟ್ಟಿ ಮೆಂಬ್ರೇನ್ ಮುಚ್ಚಿಕೊಂಡರೆ ಇದರ ತಿರುವುಮುರುವು, ನೀರು ಸಣ್ಣಗಾಗುತ್ತಾ ಬರುತ್ತದೆ. ಸಣ್ಣಗಾದರೆ ಎಲ್ಲರೂ ಗಮನಿಸುತ್ತಾರೆ, ಜೋರಾದರೆ ಯಾರಿಗೂ ಅನುಮಾನ ಬರುವುದಿಲ್ಲ. ನೀವು ಈ ಬರಹದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಅಂದಿನಿಂದ ಫಿಲ್ಟರ್ ಪಕ್ಕದ ಮೊಳೆಗೆ ಒಂದು ಚಿಕ್ಕ ನೋಟ್‌ಬುಕ್ ನೇತುಹಾಕಿದ್ದೇನೆ. ತಿಂಗಳಿಗೊಮ್ಮೆ ಒಳಗಿನ ಅಂಕಿ, ಹೊರಗಿನ ಅಂಕಿ, ಟ್ಯಾಂಕ್ ತುಂಬಲು ಹಿಡಿದ ನಿಮಿಷ, ಅಷ್ಟೇ. ಒಳಗಿನದರಲ್ಲಿ ಹೊರಗಿನದನ್ನು ಕಳೆದು, ಒಳಗಿನದರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಮೆಂಬ್ರೇನ್ ಶೇಕಡಾ ಎಷ್ಟು ಲವಣ ತಡೆಯುತ್ತಿದೆ ಎಂದು ಸಿಗುತ್ತದೆ. ಹೊಸತರಲ್ಲಿ 93 ಇತ್ತು, ಹಾಳಾದಾಗ 67. ಹೊರಗಿನ ಅಂಕಿಯೊಂದನ್ನೇ ನೋಡಿದರೆ ಮೋಸಹೋಗುತ್ತೀರಿ, ಬೇಸಿಗೆ ಮಳೆಗಾಲ ಅಂತ ಒಳಗೆ ಬರುವ ನೀರೇ ಬದಲಾಗುತ್ತಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅಳೆಯಬೇಡಿ. ರಾತ್ರಿಯಿಡೀ ನಿಂತ ನೀರಿನಲ್ಲಿ ಮೆಂಬ್ರೇನ್ ದಾಟಿದ ಲವಣ ಸೇರಿ ಅಂಕಿ ಜಾಸ್ತಿ ತೋರಿಸುತ್ತದೆ, ಹತ್ತು ನಿಮಿಷ ಯಂತ್ರ ಓಡಲಿ. ರುಚಿ ಹೊಂದಿಸುವ ತಿರುಪು ಇದ್ದರೆ ಪೂರ್ತಿ ಮುಚ್ಚಿ ಅಳೆಯಿರಿ, ಅದು ಮೆಂಬ್ರೇನ್ ಮುಟ್ಟದ ನೀರನ್ನು ಬೆರೆಸುತ್ತದೆ. ಇನ್ನೊಂದು ಮಾತು: ಈ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ರೋಗಾಣು ಇದೆಯೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಅಂಕಿ ಕಡಿಮೆ ಬಂದ ಮಾತ್ರಕ್ಕೆ ಎಲ್ಲ ಸುರಕ್ಷಿತ ಅಂದುಕೊಳ್ಳುವಂತಿಲ್ಲ.

ನೋಟ್‌ಬುಕ್ಕಿನ ಬೆಲೆ ಗೊತ್ತಾಗಿದ್ದು ಎರಡನೇ ಮೆಂಬ್ರೇನ್‌ಗೆ ಎರಡು ವರ್ಷ ಆದಾಗ. ಯಂತ್ರದ ಕೆಂಪು ದೀಪ ಹತ್ತಿತು. ಸರ್ವಿಸ್‌ಗೆ ಬಂದವರು, “ದೀಪ ಬಂದಿದೆಯಲ್ಲ, ಒಂದೇ ಸಲ ಎಲ್ಲ ಬದಲಾಯಿಸಿಬಿಡೋಣ” ಅಂದರು. ನಾನು ಪುಟ ತೆರೆದು ತೋರಿಸಿದೆ, ಆ ತಿಂಗಳ ಲೆಕ್ಕ ಶೇ 91. ಅವರೂ ತಮ್ಮ ಮೀಟರ್ ಅದ್ದಿ ನೋಡಿ ಸುಮ್ಮನೆ ತಲೆಯಾಡಿಸಿದರು. ಸೆಡಿಮೆಂಟ್, ಕಾರ್ಬನ್ ಮಾತ್ರ ಬದಲಾಯಿಸಿದರು. ಅದೇ ಮೆಂಬ್ರೇನ್ ಮತ್ತೆ ಒಂದೂವರೆ ವರ್ಷ ಓಡಿತು. ನಮ್ಮ ಯಂತ್ರದ ದೀಪ ದಿನ ಎಣಿಸುತ್ತದೆಯೇ ಹೊರತು ನೀರನ್ನು ಪರೀಕ್ಷಿಸುವುದಿಲ್ಲ. ನನ್ನ ದೊಡ್ಡ ದೂರು ಇದೇ.

ಮೊದಲೆರಡು ಕ್ಯಾಂಡಲ್‌ಗಳನ್ನು ಈಗ ನಾನೇ ಬದಲಾಯಿಸುತ್ತೇನೆ. ಸೆಡಿಮೆಂಟ್ ನಾಲ್ಕು ತಿಂಗಳಿಗೆ, ಕಾರ್ಬನ್ ಎಂಟು ತಿಂಗಳಿಗೆ, ಹೇಗೆ ಕಂಡರೂ ಸರಿ. ನಲ್ಲಿ ಮುಚ್ಚಿ, ಪ್ಲಗ್ ತೆಗೆದು, ಕೆಳಗೊಂದು ಬಕೆಟ್ ಇಟ್ಟು ಸ್ಪ್ಯಾನರ್ ಹಾಕಿ ತಿರುಗಿಸಿದರೆ ಡಬ್ಬಿ ಬಿಟ್ಟುಕೊಳ್ಳುತ್ತದೆ. ಹಳೇ ಕ್ಯಾಂಡಲ್ ಬೆರಳಿಗೆ ಲೋಳೆಲೋಳೆಯಾಗಿ ಹತ್ತುತ್ತದೆ, ಕೆಸರಿನ ವಾಸನೆ ಬರುತ್ತದೆ. ಅಡ್ಡಕ್ಕೆ ಕತ್ತರಿಸಿ ನೋಡಿದ್ದೆ: ಹೊರಗೆ ಗಾಢ ಕಂದು, ಒಳಕ್ಕೆ ಹೋದಂತೆ ಬಣ್ಣ ತಿಳಿಯಾಗುತ್ತಾ ನಡುವಿನ ತೂತಿನ ಹತ್ತಿರ ಇನ್ನೂ ಬಿಳಿ. ಆ ಕಂದು ನಡುವಿನವರೆಗೆ ಮುಟ್ಟುವ ಮೊದಲೇ ಬದಲಾಯಿಸಬೇಕು.

ಸೋರುವುದೆಲ್ಲ ಸಾಮಾನ್ಯವಾಗಿ ಡಬ್ಬಿಯ ಬಾಯಿಯಲ್ಲಿರುವ ರಬ್ಬರ್ ಬಳೆ, ಅಂದರೆ ಓ-ರಿಂಗ್‌ನಿಂದ. ಒಮ್ಮೆ ಡಬ್ಬಿ ಎಷ್ಟು ಬಿಗಿ ಮಾಡಿದರೂ ಹನಿ ನಿಲ್ಲಲಿಲ್ಲ. ಬಿಚ್ಚಿ ನೋಡಿದರೆ ರಿಂಗ್ ಕೂರುವ ತೋಡಿನಲ್ಲಿ ಒಂದೇ ಒಂದು ಮರಳಿನ ಕಣ. ತೋಡು ಒರೆಸಿ, ರಿಂಗಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸಿದೆ. ಕೈಯಲ್ಲಿ ಬಿಗಿ ಮಾಡಿದ್ದೇ ಸಾಕಾಯಿತು. ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ಕೆಲವು ರಬ್ಬರ್ ಅದರಿಂದ ಉಬ್ಬುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ಡಬ್ಬಿಯೇ ಬಿರುಕು ಬಿಟ್ಟೀತು. ಹೊಸ ಕಾರ್ಬನ್ನಿನಿಂದ ಮೊದಲಿಗೆ ಕಪ್ಪು ಪುಡಿ ಬರುತ್ತದೆ. ಅದು ಮೆಂಬ್ರೇನ್‌ಗೆ ಹೋಗದ ಹಾಗೆ ಪೈಪು ಕಳಚಿ, ನೀರು ತಿಳಿಯಾಗುವವರೆಗೆ ಬಕೆಟ್ಟಿಗೆ ಬಿಡಿ. ಮೆಂಬ್ರೇನ್ ಬದಲಾಯಿಸಿದಾಗ ಮೊದಲೆರಡು ಟ್ಯಾಂಕ್ ನೀರು ಚೆಲ್ಲಲೇಬೇಕು, ಕೆಡದಿರಲಿ ಎಂದು ಹಾಕಿದ ರಾಸಾಯನಿಕ ಅದರಲ್ಲಿರುತ್ತದೆ.

ಯುವಿ ದೀಪದ ವಿಷಯದಲ್ಲಿ ಕಣ್ಣನ್ನು ನಂಬಬಾರದು. ರೋಗಾಣು ಕೊಲ್ಲುವ 254 ನ್ಯಾನೊಮೀಟರ್ ಬೆಳಕು ನಮಗೆ ಕಾಣುವುದೇ ಇಲ್ಲ. ಅದು ಕುಂದಿದ ಮೇಲೂ ನೀಲಿ ಹೊಳಪು ಉಳಿದಿರುತ್ತದೆ. ಉರಿದ ಗಂಟೆಯ ಲೆಕ್ಕದಲ್ಲೇ ಬದಲಾಯಿಸಿ. ದೀಪದ ಸುತ್ತಲಿನ ಗಾಜಿನ ಕೊಳವೆಗೆ ಪೊರೆ ಕಟ್ಟಿದೆಯೇ ಅದನ್ನೂ ನೋಡಿ. ಉರಿಯುವ ದೀಪವನ್ನು ಮಾತ್ರ ನೇರವಾಗಿ ನೋಡಬೇಡಿ.

ಹೊರಹೋಗುವ ನೀರು ನನ್ನನ್ನು ಈಗಲೂ ಕಾಡುತ್ತದೆ. ಎರಡು ಪಾತ್ರೆ ಇಟ್ಟು ಅಳೆದಾಗ ಒಂದು ಲೀಟರ್ ಕುಡಿಯುವ ನೀರಿಗೆ ಮೂರು ಲೀಟರ್ ಹೊರಗೆ. ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಬಚ್ಚಲು ತೊಳೆಯಲು ಬಳಸುತ್ತೇವೆ. ಅದನ್ನು ಕಡಿಮೆ ಮಾಡಲು ಹೋಗಿ ವೇಸ್ಟ್ ಪೈಪಿನ ಹರಿವನ್ನು ಮಿತಿಗೊಳಿಸುವ ಫ್ಲೋ ರಿಸ್ಟ್ರಿಕ್ಟರ್ ಬಿಗಿ ಮಾಡಿಸುವವರನ್ನು ನೋಡಿದ್ದೇನೆ. ಲವಣ ಕೊಚ್ಚಿಹೋಗಲು ಆ ನೀರು ಬೇಕು, ಇಲ್ಲದಿದ್ದರೆ ಮೆಂಬ್ರೇನ್ ಮೇಲೇ ಗಟ್ಟಿಯಾಗಿ ಕೂರುತ್ತದೆ. ಟ್ಯಾಂಕ್ ತುಂಬಿದ ಮೇಲೂ ಆ ಪೈಪಿನಲ್ಲಿ ನೀರು ನಿಲ್ಲದಿದ್ದರೆ ಮಾತ್ರ ವಾಲ್ವ್ ನೋಡಿಸಿ.

ನಿಮ್ಮ ನೀರಿನಲ್ಲಿ ಲವಣ ಮೊದಲೇ ಕಡಿಮೆಯಿದ್ದರೆ ಆರ್‌ಓ ಯಾಕೆ ಎಂದು ಯೋಚಿಸಿ, ನೀರಿನಲ್ಲಿ ಬೇರೇನಿದೆ ಎಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ನಮಗೆ ಬೇಕಿತ್ತು, ಮತ್ತೆ ಕೊಳ್ಳುವುದಾದರೂ ಇಂಥದ್ದನ್ನೇ ಕೊಳ್ಳುತ್ತೇನೆ: ಕ್ಯಾಂಡಲ್ ಸಾಮಾನ್ಯ ಅಳತೆಯದಿರಬೇಕು, ಡಬ್ಬಿ ನಾವೇ ಬಿಚ್ಚುವಂತಿರಬೇಕು. ಮೂರನೇ ಮೆಂಬ್ರೇನ್ ಈಗ ಮೂರನೇ ವರ್ಷದಲ್ಲಿದೆ. ಕಳೆದ ಭಾನುವಾರ ಬರೆದಿಟ್ಟದ್ದು: ಒಳಗೆ 418, ಹೊರಗೆ 41, ನಲವತ್ತನಾಲ್ಕು ನಿಮಿಷ.