ಮುಂದಿನ ತಲೆಶೂಲೆಯ ಭಯಕ್ಕೆ ಎಂಟು ವಾರಗಳ ತರಬೇತಿ: ಒಂದು ವಿಮರ್ಶೆ

ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣಗಳು ಕಾಣಿಸಿಕೊಂಡು, ಮೂರು ತಿಂಗಳು ಮೀರಿದರೂ ಈ ಸ್ಥಿತಿ ಮುಂದುವರಿದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎನ್ನುತ್ತಾರೆ. ನಾಳೆ ತಲೆಶೂಲೆ ಬಂದರೆ ಏನು ಗತಿ ಎಂಬ ಚಿಂತೆ ನೋವಿಲ್ಲದ ದಿನಗಳನ್ನೂ ಕಬಳಿಸುತ್ತದೆ ಎಂಬುದು ಈ ಲೆಕ್ಕಕ್ಕೆ ಸಿಗುವುದಿಲ್ಲ. ದಕ್ಷಿಣ ಬೆಂಗಳೂರಿನ ಖಾಸಗಿ ಕೇಂದ್ರವೊಂದು ನಡೆಸುವ ಒತ್ತಡ ನಿರ್ವಹಣೆಯ ತರಬೇತಿಗೆ ನನ್ನ ನರರೋಗ ತಜ್ಞರು ಕಳುಹಿಸಿದ್ದು ಈ ಚಿಂತೆಯ ಸಲುವಾಗಿಯೇ. ಇದು ಔಷಧಿಯ ಜೊತೆಗಿರಬೇಕಾದದ್ದೇ ಹೊರತು ಅದಕ್ಕೆ ಬದಲಿಯಲ್ಲ ಎಂದು ಕೇಂದ್ರದವರೂ ಮೊದಲ ದಿನವೇ ಸ್ಪಷ್ಟಪಡಿಸಿದರು.

ಆರಂಭದ ವಾರಗಳಲ್ಲಿ ಕಲಿಸುವುದು ಸ್ನಾಯುಗಳನ್ನು ಒಂದೊಂದಾಗಿ ಬಿಗಿಹಿಡಿದು ಸಡಿಲಿಸುವ ಅಭ್ಯಾಸ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ರೂಪಿಸಿದ ಈ ಕ್ರಮ ಹೊರನೋಟಕ್ಕೆ ಶವಾಸನವನ್ನು ಹೋಲುತ್ತದೆಯಾದರೂ, ಇಲ್ಲಿ ವಿಶ್ರಾಂತಿಗಿಂತ ಮೊದಲು ಬಿಗಿತವನ್ನು ಗುರುತಿಸುವುದಕ್ಕೆ ಮಹತ್ವ. ಕಂಪ್ಯೂಟರಿನ ಮುಂದೆ ಕುಳಿತಾಗಲೆಲ್ಲ ನಾನು ದವಡೆ ಕಚ್ಚಿಕೊಂಡಿರುತ್ತೇನೆ ಎಂಬುದು ಅಲ್ಲಿಯವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

ತರಬೇತಿಯ ನಿಜವಾದ ಬೆಲೆ ಇರುವುದು ಬಯೋಫೀಡ್‌ಬ್ಯಾಕ್ ಪಾಠದಲ್ಲಿ. ಬೆರಳ ತುದಿಗೆ ಪುಟ್ಟದೊಂದು ಸೆನ್ಸರ್ ಅಂಟಿಸಿ, ಚರ್ಮದ ಉಷ್ಣತೆಯನ್ನು ಪರದೆಯ ಮೇಲೆ ತೋರಿಸುತ್ತಾರೆ. ಮನಸ್ಸು ಉದ್ವಿಗ್ನಗೊಂಡಾಗ ಕೈಯ ರಕ್ತನಾಳಗಳು ಕಿರಿದಾಗಿ ಬೆರಳು ತಣ್ಣಗಾಗುತ್ತದೆ, ಉಸಿರು ನಿಧಾನವಾಗಿ ಮೈ ಸಡಿಲಗೊಂಡಾಗ ಬೆಚ್ಚಗಾಗುತ್ತದೆ. ಅಂಕಿಯನ್ನು ಏರಿಸಲೇಬೇಕೆಂದು ಹಟ ಹಿಡಿದರೆ ಅದು ಇಳಿಯುತ್ತದೆ. ಬಿಟ್ಟುಕೊಟ್ಟಾಗ ಮಾತ್ರ ಮೆಲ್ಲಗೆ ಮೇಲೇರುತ್ತದೆ. ಸುಮ್ಮನೆ ಚಿಂತೆ ಬಿಡು ಎಂಬ ಬಂಧುಗಳ ಉಪದೇಶದಿಂದ ಆಗದ ಕೆಲಸ ಆ ಅಂಕಿಯಿಂದ ಆಯಿತು. ತಲೆನೋವಿನ ದಿನಗಳು ತೀರಾ ಕಡಿಮೆಯಾದವೆಂದು ನಾನು ಹೇಳಲಾರೆ. ಆದರೆ ಕಣ್ಣಿನ ಹಿಂದೆ ಸಣ್ಣ ಮಿಡಿತ ಶುರುವಾದ ಕೂಡಲೇ ಇಡೀ ದಿನ ಹಾಳಾಯಿತೆಂದು ನಿರ್ಧರಿಸುವ ರೂಢಿ ಮಾತ್ರ ನಿಶ್ಚಯವಾಗಿ ಸಡಿಲಗೊಂಡಿದೆ.

ಮಾತ್ರೆಯ ಲೆಕ್ಕವನ್ನು ದಿನಚರಿಯಲ್ಲಿ ಬರೆಸುವುದೂ ಈ ಕಾರಣಕ್ಕೇ ಮುಖ್ಯ. ಮದುವೆ ಮನೆಗೆ ಹೊರಡುವ ಮೊದಲು, ನೋವು ಇನ್ನೂ ಬಾರದಿದ್ದರೂ, ಭಯಕ್ಕೆ ಒಂದು ಗುಳಿಗೆ ನುಂಗುವವರು ನಮ್ಮ ಗುಂಪಿನಲ್ಲಿ ಹಲವರಿದ್ದರು. ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಮಾತ್ರೆಗಳನ್ನು ಅಥವಾ ಮಿಶ್ರ ನೋವುನಿವಾರಕಗಳನ್ನು ತಿಂಗಳಿಗೆ 10 ದಿನ, ಬರೀ ಪ್ಯಾರಾಸಿಟಮಾಲ್ ಆದರೆ 15 ದಿನ, ಹೀಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಸೇವಿಸಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಒತ್ತಡ ಏರಿದಾಗಲಷ್ಟೇ ಅಲ್ಲ, ಇಳಿದ ಮೇಲೂ ಮೈಗ್ರೇನ್ ಬರುತ್ತದೆ ಎಂಬುದನ್ನು ತಿಳಿಸಿ, ಭಾನುವಾರವೂ ಏಳುವ ಮತ್ತು ಉಣ್ಣುವ ಹೊತ್ತನ್ನು ಬದಲಿಸಬೇಡಿ ಎಂದು ತರಬೇತುದಾರರು ಕೊಟ್ಟ ಸಲಹೆ ಸರಳವಾದರೂ ಉಪಯುಕ್ತ. ಏಕಾದಶಿಯ ಉಪವಾಸದ ಬಗ್ಗೆ ಒಬ್ಬ ಹಿರಿಯರು ಎತ್ತಿದ ಪ್ರಶ್ನೆಗೆ ಮಾತ್ರ ಅವರು ನಕ್ಕು ಸುಮ್ಮನಾದರು. ಊಟ ತಪ್ಪುವುದು ತಲೆಶೂಲೆಯನ್ನು ಕೆರಳಿಸುವ ಸಾಮಾನ್ಯ ಕಾರಣಗಳಲ್ಲೊಂದಾಗಿರುವಾಗ ನೇರವಾಗಿ ಉತ್ತರಿಸಬೇಕಿತ್ತು.

ಕೊರತೆಗಳು ಸಣ್ಣವಲ್ಲ. ಬೆಳಕು ಮತ್ತು ವಾಸನೆಯನ್ನು ಸಹಿಸಲಾರದವರನ್ನು ಕೂಡಿಸುವ ಕೋಣೆಯಲ್ಲಿ ಪ್ರಖರ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಸ್ವಾಗತದ ಮೇಜಿನ ಮೇಲೆ ಅಗರಬತ್ತಿ ಹೊಗೆಯಾಡುತ್ತಿತ್ತು. ಕೇಳಿಕೊಂಡ ಮೇಲೆ ಅಗರಬತ್ತಿ ಹೋಯಿತು, ದೀಪ ಹಾಗೆಯೇ ಉಳಿಯಿತು. ಅದಕ್ಕಿಂತ ವಿಚಿತ್ರವಾದದ್ದು, ತಪ್ಪಿದ ತರಗತಿಗೆ ಬದಲಿ ತರಗತಿಯಿಲ್ಲ, ಹಣವೂ ಮರಳುವುದಿಲ್ಲ ಎಂಬ ನಿಯಮ. ಮೈಗ್ರೇನ್ ರೋಗಿಗಳು ತರಗತಿ ತಪ್ಪಿಸುವುದು ಸಾಮಾನ್ಯವಾಗಿ ಯಾವ ಕಾರಣಕ್ಕೆಂದು ಆ ನಿಯಮ ಬರೆದವರು ಯೋಚಿಸಿದಂತಿಲ್ಲ. ಮನೆಯ ಅಭ್ಯಾಸಕ್ಕೆಂದು ಕೊಡುವ ಕನ್ನಡದ ಧ್ವನಿಮುದ್ರಣ ಇಂಗ್ಲಿಷ್ ಪಠ್ಯದ ಯಾಂತ್ರಿಕ ಅನುವಾದ. ನಿಮ್ಹಾನ್ಸ್ ತಜ್ಞರ ಸಮೀಕ್ಷೆಯೊಂದರ ಪ್ರಕಾರ ರಾಜ್ಯದ ವಯಸ್ಕರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರಿಗೆ ಮೈಗ್ರೇನ್ ಇರುವಾಗ, ಕಿವಿಗೆ ಹಿತವಾದ ಕನ್ನಡದಲ್ಲಿ ಅದನ್ನು ಓದಿಸುವುದು ಅತಿಯಾದ ಬೇಡಿಕೆಯೇನಲ್ಲ.

ರೋಗನಿರ್ಣಯ ಆಗಿರುವವರು, ದಿನಕ್ಕೆ ಸ್ವಲ್ಪ ಹೊತ್ತು ತಪ್ಪದೆ ಅಭ್ಯಾಸ ಮಾಡುವ ವ್ಯವಧಾನವುಳ್ಳವರು ಸೇರಬಹುದು. ಹಠಾತ್ತನೆ ಎರಗಿದ, ಹಿಂದೆಂದೂ ಕಾಣದಷ್ಟು ತೀವ್ರವಾದ ತಲೆನೋವಿದ್ದರೆ, ಮಾತು ತೊದಲುತ್ತಿದ್ದರೆ ಅಥವಾ ಕೈಕಾಲು ಸ್ವಾಧೀನ ತಪ್ಪುತ್ತಿದ್ದರೆ ಹೋಗಬೇಕಾದದ್ದು ಆಸ್ಪತ್ರೆಗೆ, ತಕ್ಷಣವೇ. ಸೇರುವವರು ಬೆಳಗಿನ ತಂಡವನ್ನೇ ಆರಿಸಿಕೊಳ್ಳಿ. ಸಂಜೆಯ ತರಗತಿಯಲ್ಲಿ ಕಲಿತದ್ದೆಲ್ಲ ಮನೆಗೆ ಮರಳುವ ಟ್ರಾಫಿಕ್ಕಿನಲ್ಲಿಯೇ ಖರ್ಚಾಗುತ್ತದೆ.