ಸಿಕೋಯಾ ಅಥವಾ ಕಿಂಗ್ಸ್ ಕ್ಯಾನ್ಯನ್: ಒಂದೇ ದಿನ ಇದ್ದರೆ ಎಲ್ಲಿಗೆ ಹೋಗಬೇಕು?

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಈ ಎರಡು ರಾಷ್ಟ್ರೀಯ ಉದ್ಯಾನಗಳು ಅಕ್ಕಪಕ್ಕದಲ್ಲೇ ಇವೆ. ಒಂದೇ ಪ್ರವೇಶ ಶುಲ್ಕದಲ್ಲಿ ಎರಡನ್ನೂ ನೋಡಬಹುದು. ಆದರೆ ರಸ್ತೆಯಲ್ಲಿ ತಿರುವುಗಳು ಜಾಸ್ತಿ. ಒಂದೇ ದಿನದಲ್ಲಿ ಎರಡನ್ನೂ ಮುಗಿಸಲು ಹೊರಟರೆ ಕಾರಿನಲ್ಲೇ ಹೊತ್ತು ಹೋಗುತ್ತದೆ. ಎರಡೂ ಕಡೆ ಓಡಾಡಿದ ಮೇಲೆ ನನ್ನ ಓಟು ಸಿಕೋಯಾಗೆ.

ಅಲ್ಲಿಗೆ ಎಲ್ಲರೂ ಹೋಗುವುದು ಜನರಲ್ ಶೆರ್ಮನ್ ಮರಕ್ಕಾಗಿ. ಸಿಕೋಯಾ ಎಂಬ ಜಾತಿಯದು, ಕಾಂಡದ ಗಾತ್ರದಲ್ಲಿ ಜಗತ್ತಿನಲ್ಲೇ ದೊಡ್ಡ ಮರ ಅದು. ಎತ್ತರ ಸುಮಾರು 84 ಮೀಟರ್, ಬುಡದ ಅಗಲ 11 ಮೀಟರ್. ನೋಡಲೇಬೇಕು, ನಿಜ. ಆದರೆ ಸುತ್ತ ಬೇಲಿ, ಫೋಟೊಗೆ ಸಾಲು. ನನಗೆ ಇಷ್ಟವಾಗಿದ್ದು ಅಲ್ಲಿಂದ ಶುರುವಾಗುವ ಕಾಂಗ್ರೆಸ್ ಟ್ರೇಲ್ ಎಂಬ ಕಾಲುದಾರಿ. ಸ್ವಲ್ಪ ದೂರ ನಡೆದರೆ ಗದ್ದಲ ಹಿಂದೆ ಉಳಿಯುತ್ತದೆ, ಬರೀ ಮರಗಳು. ತೊಗಟೆ ಕೆಂಪುಗಂದು ಬಣ್ಣ, ನಾರುನಾರು, ಒತ್ತಿದರೆ ಮೆತ್ತಗೆ. ಕೆಲವು ಮರಗಳಲ್ಲಿ ಅದು ಎರಡು ಅಡಿವರೆಗೂ ದಪ್ಪ. ಎಷ್ಟೋ ಮರಗಳ ಬುಡ ಸುಟ್ಟು ಕರಿಯಾಗಿದೆ, ತಲೆ ಮಾತ್ರ ಹಚ್ಚ ಹಸಿರು! ಬೆಂಕಿಯ ಬಿಸಿ ತಾಗಿದರೆ ಕಾಯಿ ಒಣಗಿ ಬಿರಿದು ಬೀಜ ಉದುರುತ್ತದೆ, ಹಾಗಾಗಿ ಸಣ್ಣ ಬೆಂಕಿ ಇವಕ್ಕೆ ಬೇಕು. ಆದರೆ 2020 ಮತ್ತು 2021ರ ಕಾಳ್ಗಿಚ್ಚು ಈ ಸೀಮೆಯಲ್ಲಿ ಸಾವಿರಾರು ದೊಡ್ಡ ಸಿಕೋಯಾ ಮರಗಳನ್ನು ಕೊಂದಿತು. ನೆನೆದರೆ ಹೊಟ್ಟೆ ಉರಿಯುತ್ತದೆ.

ಕ್ರಿಸ್ಟಲ್ ಕೇವ್ ಇರುವುದೂ ಸಿಕೋಯಾದಲ್ಲೇ. ಅಮೃತಶಿಲೆಯ ಗುಹೆ. ಒಳಗೆ ಸುಮಾರು 10 ಡಿಗ್ರಿ, ಬೇಸಿಗೆಯಲ್ಲೂ ಸ್ವೆಟರ್ ಬೇಕು. ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ಚಳಿಗಾಲದಲ್ಲಿ ಮುಚ್ಚಿರುತ್ತದೆ. 2021ರ ಬೆಂಕಿಯ ನಂತರ ಕೆಲವು ವರ್ಷ ತೆರೆದೇ ಇರಲಿಲ್ಲ, ಹಾಗಾಗಿ ಹೊರಡುವ ಮೊದಲು ಒಮ್ಮೆ ವಿಚಾರಿಸಿ.

ಜೊತೆಗೆ ಪುಟ್ಟ ಮಕ್ಕಳೋ ವಯಸ್ಸಾದವರೋ ಇದ್ದರೆ ಮಾತ್ರ ಕಿಂಗ್ಸ್ ಕ್ಯಾನ್ಯನ್‌ನ ಗ್ರಾಂಟ್ ಗ್ರೋವ್ ಎಂಬ ಮರಗಳ ತೋಪು ವಾಸಿ. ಶೆರ್ಮನ್ ನೋಡಿ ವಾಪಸ್ ಪಾರ್ಕಿಂಗ್‌ಗೆ ಹತ್ತುವಾಗ 2,100 ಮೀಟರ್ ಎತ್ತರದ ಗಾಳಿಯಲ್ಲಿ ಏದುಸಿರು ಬರುತ್ತದೆ. ಗ್ರಾಂಟ್ ಗ್ರೋವ್‌ನ ಜನರಲ್ ಗ್ರಾಂಟ್ ಮರದ ಸುತ್ತಿನ ದಾರಿ ಚಿಕ್ಕದು, ಸಲೀಸು. ಅಲ್ಲಿ ಉರುಳಿಬಿದ್ದ ಟೊಳ್ಳು ಮರದೊಳಗೇ ನಡೆದು ಹೋಗಬಹುದು, ಮಕ್ಕಳಿಗೆ ಖುಷಿಯೋ ಖುಷಿ. ಹತ್ತಿರದ ಬಿಗ್ ಸ್ಟಂಪ್ ಕಡೆಗೂ ಹೋಗಿ. 1891ರಲ್ಲಿ ಅಲ್ಲಿ ಒಂದು ಮಹಾಮರವನ್ನು ಕಡಿದು, ಅದರ ಅಡ್ಡತುಂಡನ್ನು ನ್ಯೂಯಾರ್ಕ್‌ನ ಮ್ಯೂಸಿಯಂಗೆ ಕಳಿಸಿದರು. ಇಷ್ಟು ದೊಡ್ಡ ಮರ ಇದೆ ಎಂದು ತೋರಿಸಲು ಆ ಮರವನ್ನೇ ಉರುಳಿಸಬೇಕಿತ್ತಾ? ಮೋಟು ಈಗಲೂ ಅಲ್ಲೇ ಇದೆ.

ಇನ್ನೊಂದು ದಿನ ಕೈಯಲ್ಲಿದ್ದು, ಬೇಸಿಗೆಯೂ ಆಗಿದ್ದರೆ, ಕಿಂಗ್ಸ್ ಕ್ಯಾನ್ಯನ್ ಕಣಿವೆಯೊಳಗೆ, ರಸ್ತೆ ಮುಗಿಯುವ ರೋಡ್ಸ್ ಎಂಡ್‌ವರೆಗೂ ಇಳಿಯಿರಿ. ಚಳಿಗಾಲದಲ್ಲಿ ಆ ರಸ್ತೆ ಬಂದ್.